ಸಾಲಿನಲ್ಲಿ ನಿಂತವರ ಹೆಸರು

ಕಿಲಿಮಾನಿ, ನೈರೋಬಿ
ಮಂಗಳವಾರ, ೧೪ ಮೇ ೨೦೨೪

ಪ್ರೀತಿಯ ಮಗಳೇ ಚೈತನ್ಯಾ,

ಹೇಗಿದ್ದೀಯ? ಜಿನೀವಾದಲ್ಲಿ ಚಳಿ ಇನ್ನೂ ಬಿಟ್ಟಿಲ್ಲವಂತೆ, ನಿನ್ನ ಕೆಮ್ಮು ಕಡಿಮೆಯಾಯಿತೇ? ಇಲ್ಲಿ ನಾನೂ ನಿನ್ನ ಮಗಳು ನಿಖಿತಾಳೂ ಚೆನ್ನಾಗಿದ್ದೇವೆ. ಫೋನಿನಲ್ಲಿ ಬೈದರೆ ನೀನು ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಿ ನನ್ನ ಬಾಯಿ ಮುಚ್ಚಿಸಿಬಿಡುತ್ತೀಯ. ಅದಕ್ಕೇ ಕಾಗದ ಬರೆದು, ನಿಖಿತಾಳಿಂದ ಫೋಟೋ ತೆಗೆಸಿ ಕಳಿಸುತ್ತಿದ್ದೇನೆ. ಪೂರ್ತಿ ಓದು.

ಭಾನುವಾರ ಅವಳು ನನ್ನನ್ನು ವೆಸ್ಟ್‌ಲ್ಯಾಂಡ್ಸ್‌ಗೆ ಎಳೆದುಕೊಂಡು ಹೋಗಿ ಒಂದು ಚೀನೀ ಸಿನಿಮಾ ತೋರಿಸಿದಳು. ರಾಕ್ಷಸರು ಕೋಟೆಗೆ ಮುತ್ತಿಗೆ ಹಾಕುತ್ತಾರೆ, ಮೇಲಿಂದ ಬೆಂಕಿ ಸುರಿಯುತ್ತದೆ. ಸೈನಿಕರು ಸಾಲಾಗಿ ನಿಂತು, ಒಬ್ಬೊಬ್ಬರೂ ತಮ್ಮ ಗುರಾಣಿಯನ್ನು ಪಕ್ಕದವರ ತಲೆಯ ಮೇಲೆ ಹಿಡಿಯುತ್ತಾರೆ. ಆ ಆಸರೆಯಲ್ಲೇ ಮುಂದೆ ನುಗ್ಗಿದ ಒಬ್ಬ ತರುಣ ರಾಕ್ಷಸರಾಜನ ತಲೆ ಕಡಿದು ತರುತ್ತಾನೆ. ಗೆದ್ದವನು ಮೆಚ್ಚುಗೆಯ ಕತ್ತಿ ಪಡೆಯುವ ಮೊದಲು ಸಾಲಿನಲ್ಲಿ ನಿಂತವರ ಹೆಸರನ್ನೆಲ್ಲ ಕೂಗಿ ಹೇಳಬೇಕು, ಅದು ಅವರ ಕಟ್ಟಳೆ. ಈ ಮಹಾಶಯನಿಗೆ ಒಂದು ಹೆಸರೂ ಗೊತ್ತಿಲ್ಲ! ಮುದಿ ಸೇನಾಪತಿ ಕತ್ತಿಯನ್ನು ಒರೆಗೆ ಸೇರಿಸಿ ಎದ್ದು ಹೋಗುತ್ತಾನೆ. ನಾನು ಜೋರಾಗಿ ಚಪ್ಪಾಳೆ ತಟ್ಟಿದೆ, ಜನ ತಿರುಗಿ ನೋಡಿದರು.

ಮನೆಗೆ ಬಂದರೆ ನಿನ್ನ ಪ್ರಶಸ್ತಿ ಭಾಷಣದ ಕರಡು ಬಂದಿತ್ತು, "ಅಮ್ಮಾ, ಒಂದ್ಸಲ ಓದು, ಓಕೆನಾ ಹೇಳು" ಅಂತ. ಓಕೆ ಅಲ್ಲ. ಮೂರು ಪುಟ, ಬರೀ ನಾನು, ನಾನು. ಬಾಣಂತಿಯರ ರಕ್ತಹೀನತೆಯ ಸಂಶೋಧನೆಗೆ ನಿನಗೆ ಪ್ರಶಸ್ತಿ. ನಾಲ್ಕು ವರ್ಷ ಕಸರಾನಿಯಲ್ಲಿ ಮನೆಮನೆ ಹತ್ತಿಳಿದು ಆ ಬಾಣಂತಿಯರನ್ನು ರಕ್ತ ಕೊಡಲು ಒಪ್ಪಿಸಿದ್ದು ಯಾರು? ನಿಮ್ಮ ಆಸ್ಪತ್ರೆಯ ನರ್ಸ್, ಸಿಸ್ಟರ್ ವಾಂಜಿರು. ನಿನ್ನ ಸ್ವಾಹಿಲಿ ಭಾಷೆ ತರಕಾರಿ ಅಂಗಡಿ ದಾಟುವುದಿಲ್ಲ. ಮಟಾಟು ಬಸ್ಸಿನ ನೂಕುನುಗ್ಗಲಿನಲ್ಲಿ ರಕ್ತದ ಮಾದರಿಗಳ ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ತಂದವಳೂ ಅವಳೇ. ಅಂಥವಳನ್ನು 'ಸ್ಥಳೀಯ ಸಿಬ್ಬಂದಿ' ಎಂದು ಅರ್ಧ ಸಾಲಿನಲ್ಲಿ ಮುಗಿಸಿದ್ದೀಯಲ್ಲ, ನಾಚಿಕೆಯಾಗಲಿಲ್ಲವೇ? ನನಗೆ ಮೈಯೆಲ್ಲ ಉರಿದುಹೋಯಿತು. "ಫಸ್ಟ್ ಬಾ, ಪಕ್ಕದವಳನ್ನು ನೋಡ್ಬೇಡ" ಎಂದು ನಿನ್ನನ್ನು ಬೆಳೆಸಿದವಳು ನಾನೇ. ನನ್ನ ಮೇಲಿನ ಆ ಸಿಟ್ಟೂ ಇದರಲ್ಲಿ ಸೇರಿದೆ.

ರಾತ್ರಿ ಬಿಸಿನೀರು ಕುಡಿದು ಮಲಗು. ನನ್ನ ಆಶೀರ್ವಾದ ಎಂದಿನಂತೆ ಇದ್ದೇ ಇದೆ. ಶಭಾಷ್ ಮಾತ್ರ ಸದ್ಯಕ್ಕಿಲ್ಲ.

ನಿನ್ನ ಅಮ್ಮ,
ಕಮಲಾಕ್ಷಿ

ತಾ.ಕ.: ವಾಂಜಿರು ಈಗಷ್ಟೇ ಕೇಕ್ ಹಿಡಿದುಕೊಂಡು ಬಂದು ಹೋದಳು. "ನಮ್ಮ ಪ್ರಶಸ್ತಿ" ಅಂದಳು. ನಮ್ಮ! ಶುಕ್ರವಾರ ನಿನ್ನ ಭಾಷಣದ ನೇರಪ್ರಸಾರ ನೋಡಲು ಆಸ್ಪತ್ರೆಯ ನರ್ಸ್‌ಗಳೂ ಅವಳ ತಾಯಿಯೂ ನಮ್ಮ ಮನೆಗೇ ಬರುತ್ತಾರಂತೆ. ಬನ್ನಿ ಅಂದಿದ್ದೇನೆ.