‘ಶೂನ್ಯ ವೆಚ್ಚ’ದಲ್ಲಿ ಅಳಿಸಿಹೋದ ಆಲೆಮನೆ

ಕಿರುಚಿತ್ರಗಳಿಗೆ ಸಹಾಯಧನ ಮಂಜೂರು ಮಾಡುವ ಮಾನ್ಯ ಅಧಿಕಾರಿಗಳೇ,

‘ಡಿಜಿಟಲ್ ಕ್ಯಾಮೆರಾದಲ್ಲಿ ರೀಲು ಬಳಕೆಯಾಗುವುದಿಲ್ಲವಾದ್ದರಿಂದ ಚಿತ್ರೀಕರಣ ಸಾಮಗ್ರಿಯ ವೆಚ್ಚ ಶೂನ್ಯ’ ಎಂದು ಷರಾ ಬರೆದು, ನನ್ನ ವಿದ್ಯಾರ್ಥಿನಿ ನಯನಳ ಅರ್ಜಿಯಲ್ಲಿದ್ದ ಹಾರ್ಡ್ ಡಿಸ್ಕಿನ ಬಾಬ್ತಿಗೆ ತಾವು ಗೀಟು ಹಾಕಿದಿರಿ. ಆ ಒಂದು ಗೀಟಿನಿಂದ ಕಿರುಗಾವಲು ಊರಿನ ಒಂದು ಆಲೆಮನೆ ಅಳಿಸಿಹೋಯಿತು. ಮುಖತಃ ತಿಳಿಸೋಣವೆಂದು ಹಲವು ಬಾರಿ ತಮ್ಮ ಕಚೇರಿಗೆ ಬಂದೆ. ಪ್ರತಿ ಬಾರಿಯೂ ತಾವು ಸಭೆಯಲ್ಲಿದ್ದಿರಿ. ತಮ್ಮ ಗುಮಾಸ್ತರು ಮಾತ್ರ ಬಹಳ ಕರುಣೆಯಿಂದ, “ರೀಲಿನ ಬಿಲ್ ಒಂದು ತಂದ್ಬುಡಿ ಸಾರ್, ಪಾಸ್ ಮಾಡುಸ್ಬುಡ್ತೀನಿ” ಎಂದರು. ಇಲ್ಲದ ರೀಲಿಗೆ ಬಿಲ್ಲು ಕೊಡುವ ಅಂಗಡಿ ಮಂಡ್ಯದಲ್ಲಿ ಎಲ್ಲಿದೆಯೆಂದು ಅವರೂ ಹೇಳಲಿಲ್ಲ.

ನಾನು ರೀಲಿನ ಕಾಲದಲ್ಲಿ ಸಹಾಯಕ ಛಾಯಾಗ್ರಾಹಕನಾಗಿದ್ದವನು. ಈಗ ಗುತ್ತಲಿನ ನಮ್ಮ ಮನೆಯ ಮಹಡಿಯಲ್ಲಿ ಭಾನುವಾರಗಳಂದು ಹುಡುಗ ಹುಡುಗಿಯರಿಗೆ ಸಿನಿಮಾ ಹೇಳಿಕೊಡುತ್ತೇನೆ. ರೀಲು ದುಬಾರಿಯಾಗಿತ್ತೆಂಬುದನ್ನು ನಾನು ಅಲ್ಲಗಳೆಯಲಾರೆ. ಒಂದು ಡಬ್ಬ ನಾಲ್ಕೇ ನಿಮಿಷಕ್ಕೆ ಮುಗಿಯುತ್ತಿತ್ತು. ಸಂಸ್ಕರಣೆಗೆ ಮದರಾಸಿಗೆ ಕಳುಹಿಸಬೇಕು, ಪ್ರಿಂಟಿಗೆ ಮತ್ತೆ ಹಣ ತೆರಬೇಕು. ಕ್ಯಾಮೆರಾ ಓಡುವ ಸದ್ದಿಗೇ ನಿರ್ಮಾಪಕರು ಎದೆ ಹಿಡಿದುಕೊಳ್ಳುತ್ತಿದ್ದರು. ಆದರೆ ಆ ಬೆಲೆಯೊಳಗೇ ಒಂದು ಕಾವಲೂ ಸೇರಿತ್ತು. ಸಂಸ್ಕರಿಸಿದ ನೆಗೆಟಿವ್ ಅನ್ನು ಒರೆಸಿ ಅದರ ಮೇಲೆ ಇನ್ನೊಬ್ಬರ ಮದುವೆ ತೆಗೆಯುವುದು ಯಾರಿಂದಲೂ ಆಗುತ್ತಿರಲಿಲ್ಲ. ಡಿಜಿಟಲ್‌ನಲ್ಲಿ ತೆಗೆಯುವುದು ಅಗ್ಗ; ತೆಗೆದದ್ದನ್ನು ಉಳಿಸಿಕೊಳ್ಳುವುದೇ ಖರ್ಚು. ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲಿರುವುದನ್ನು ಎರಡು ಡಿಸ್ಕಿಗಾದರೂ ನಕಲು ಮಾಡದೆ ನಿದ್ದೆ ಮಾಡುವಂತಿಲ್ಲ. ಲೆನ್ಸಿನ ಬಾಡಿಗೆ, ಬಣ್ಣ ತಿದ್ದುವ ಕಂಪ್ಯೂಟರಿನ ಬಾಡಿಗೆ ಬೇರೆ. ವೆಚ್ಚ ಸ್ಥಳ ಬದಲಿಸಿದೆ, ಅಷ್ಟೆ. ತಮ್ಮ ಅರ್ಜಿ ನಮೂನೆಯಲ್ಲಿ ಅದಕ್ಕೊಂದು ಕಾಲಂ ಇಲ್ಲವೆಂದ ಮಾತ್ರಕ್ಕೆ ಅದು ಶೂನ್ಯವಾಗಿಬಿಡುತ್ತದೆಯೇ?

ನಡೆದದ್ದು ಇಷ್ಟು. ಮದ್ದೂರಿನಲ್ಲಿ ಮದುವೆ ವಿಡಿಯೋ ತೆಗೆಯುವ ಕೆಂಪರಾಜು, ಲಗ್ನಗಳಿಲ್ಲದ ದಿನಗಳಲ್ಲಿ ತನ್ನ ಕ್ಯಾಮೆರಾವನ್ನು ನಮ್ಮ ಮಕ್ಕಳಿಗೆ ಬಿಟ್ಟಿಯಾಗಿ ಕೊಡುತ್ತಾನೆ. ನಯನ ಅದನ್ನು ಹೊತ್ತು, ಆಲೆಮನೆಯ ಒಲೆಗೆ ಕಬ್ಬಿನ ಸಿಪ್ಪೆ ಹಾಕಿ ಉರಿ ನೋಡಿಕೊಳ್ಳುವ ತನ್ನಜ್ಜಿ ಚಲುವಮ್ಮನ ಹಿಂದೆ ಇಡೀ ಧನುರ್ಮಾಸ ಅಲೆದಳು. “ನನ್ ಮೊಕ ಯಾಕೆ ಇಡೀತೀಯೆ, ಬೆಲ್ಲ ಇಡಿಯೇ” ಎಂದು ಬೈಯುತ್ತಲೇ ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತಿದ್ದುದನ್ನು ನಾನು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿದ್ದೇನೆ. ನಕಲು ಮಾಡಲು ಡಿಸ್ಕಿಲ್ಲದ್ದರಿಂದ ಎಲ್ಲವೂ ಕಾರ್ಡಿನಲ್ಲೇ ಉಳಿಯಿತು. ಲಗ್ನಗಳು ಮತ್ತೆ ಶುರುವಾದಾಗ ಕಾರ್ಡು ಕ್ಯಾಮೆರಾದ ಚೀಲದಲ್ಲೇ ಮದ್ದೂರಿಗೆ ಮರಳಿತು. ಮುಹೂರ್ತಕ್ಕೆ ಹೊರಡುವ ಮುನ್ನ ಚೀಲದಲ್ಲಿರುವ ಕಾರ್ಡುಗಳನ್ನೆಲ್ಲ ಖಾಲಿ ಮಾಡಿಕೊಳ್ಳುವುದು ಮದುವೆ ಸ್ಟುಡಿಯೋಗಳ ರೂಢಿ. ಕೆಂಪರಾಜು ಹಾಗೇ ಮಾಡಿದ. ತಿಳಿದ ಮೇಲೆ ಅವನ ಮುಖ ನೋಡಲಾಗುತ್ತಿರಲಿಲ್ಲ. “ತಾಳಿ ಕಟ್ಟೋವಾಗ ಕಾರ್ಡ್ ತುಂಬೋದ್ರೆ ಎಣ್ಣಿನ್ ಕಡೆಯೋರು ಸುಮ್ಕೆ ಬುಡ್ತಾರ ಕಣಮ್ಮ? ಅದ್ರೊಳಗೆ ನಿಮ್ಮಜ್ಜಿ ಅವ್ಳೆ ಅಂತ ನಂಗೇನ್ ಗೊತ್ತು?” ಎಂದು ಗೋಳಾಡಿದ. ಕಾರ್ಡಿನಿಂದ ಅಳಿಸಿದ್ದನ್ನು ಮರಳಿ ತೆಗೆಯುವ ಕಂಪ್ಯೂಟರಿನವರಲ್ಲಿಗೂ ಹೋದೆವು. ಅವರಿಗೆ ಸಿಕ್ಕಿದ್ದು ಅಪರಿಚಿತ ವಧೂವರರು ಮಾತ್ರ.

ನಯನ ಈಗ ಭಾನುವಾರದ ತರಗತಿಗೆ ಬರುವುದಿಲ್ಲ. ಆಲೆಮನೆಯ ಮಾಲೀಕ ನಾಗರಾಜು ಯುಗಾದಿ ಕಳೆದ ಮೇಲೆ ಕೊಪ್ಪರಿಗೆ ಕಿತ್ತು ಆ ಜಾಗದಲ್ಲಿ ಅಂಗಡಿ ಮಳಿಗೆ ಕಟ್ಟಿಸುತ್ತಾರೆ. ಮೊನ್ನೆ ನಯನಳ ಮನೆಗೆ ಹೋದಾಗ ಹುಡುಗಿ ಎದ್ದು ಒಳಗೆ ಹೋದಳು, ಅಜ್ಜಿಯೇ ಮಾತನಾಡಿದರು: “ಅಳ್ತಾ ಕುಂತ್ರೆ ಬಂದದಾ? ಒಲೆ ಇನ್ನೂ ಅದೆ, ನಾನೂ ಇವ್ನಿ. ಇನ್ನೊಂದ್ ಕಿತ ಉರಿ ಆಕ್ತೀನಿ, ಇಡ್ಕೊ ಬಾ ಅನ್ನಿ ಮೇಷ್ಟ್ರೆ. ಆ ಆಪೀಸ್ನೋರ್ನೂ ಕರ್ಕಬನ್ನಿ, ಬಿಸಿ ಬೆಲ್ಲ ತಿನ್ಲಿ.”

ಬಹಳ ದಣಿದಿದ್ದೇನೆ, ಮಾನ್ಯರೇ. ಆದರೂ ಈ ಮಕ್ಕಳ ವಿಷಯದಲ್ಲಿ ನಿರಾಶನಾಗುವುದನ್ನು ನಾನಿನ್ನೂ ಕಲಿತಿಲ್ಲ. ಚಲುವಮ್ಮನವರು ಉರಿ ಹಾಕಲು ಸಿದ್ಧರಿದ್ದಾರೆ, ಕೆಂಪರಾಜು ಕ್ಯಾಮೆರಾ ಕೊಡಲು ಸಿದ್ಧನಿದ್ದಾನೆ. ಡಿಸ್ಕು ಮೇಜಿನ ಮೇಲಿದೆಯೆಂದು ಹೇಳಲು ಸಾಧ್ಯವಾದರೆ ಆ ಹುಡುಗಿಯೂ ಎದ್ದು ಬರುತ್ತಾಳೆ. ಚಿತ್ರವನ್ನು ಉಳಿಸಿಡುವ ಖರ್ಚೂ ಚಿತ್ರೀಕರಣದ ಖರ್ಚೇ ಎಂದು ಒಪ್ಪಿ, ಯುಗಾದಿಗೆ ಮುನ್ನ ಆ ಗೀಟನ್ನು ಅಳಿಸಿರಿ. ಅಳಿಸುವುದು ಎಷ್ಟು ಸುಲಭವೆಂಬುದನ್ನು ನಾವು ನೋಡಿದ್ದೇವೆ.

ಇಂತಿ,
ತಮಗಲ್ಲದಿದ್ದರೂ ತಮ್ಮ ಕಚೇರಿಯ ಬೆಂಚಿಗೆ ಚೆನ್ನಾಗಿ ಪರಿಚಿತನಾದ,
ಶಶಿಧರ್
ಗುತ್ತಲು, ಮಂಡ್ಯ