ಮುಂಚೆಯೇ ಬರೆದಿಟ್ಟ ಮಂಗಳವಾರಗಳು

ಮಾರ್ಚ್ ೧೨, ಬುಧವಾರ
ಬೈಂಡಿಂಗ್ ಅಂಗಡಿಯಿಂದ

ಎರಡು ತಿಂಗಳಿಂದ ಫೋನೆತ್ತದ ನನ್ನ ಯಜಮಾನರಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ನೀವು ಕ್ಷೇಮವಾಗಿದ್ದೀರೆಂದು ನಮ್ಮ ಅಂಗಡಿಯ ಬ್ಲಾಗೇ ವಾರಕ್ಕೆರಡು ಸಲ ಸಾರುತ್ತಿದೆ. ಮಂಗಳವಾರ, ಶುಕ್ರವಾರ, ಬೆಳಗ್ಗೆ ಹತ್ತಕ್ಕೆ ಸರಿಯಾಗಿ ನಿಮ್ಮ ಹೆಸರಿನಲ್ಲಿ ಒಂದು ಬರಹ. ಹೊಸ ವರ್ಷಕ್ಕೆ ನಾವು ಗುರಿಗಳನ್ನು ಬರೆದು ಗೋಡೆಗೆ ಅಂಟಿಸಿದ್ದೆವಲ್ಲ: ಮಾರ್ಚ್ ಮುಗಿಯುವವರೆಗೆ ವಾರಕ್ಕೆರಡು ಬರಹ ನಿಮ್ಮ ಪಾಲು, ಓದುಗರ ಪ್ರಶ್ನೆಗೆ ಅದೇ ದಿನ ಉತ್ತರ ನನ್ನ ಪಾಲು, ಬ್ಲಾಗ್ ಓದಿಕೊಂಡೇ ಬರುವ ಹತ್ತು ಹೊಸ ಗಿರಾಕಿಗಳು ಇಬ್ಬರ ಪಾಲು. ಮನೆ ಬಿಟ್ಟ ಮನುಷ್ಯ ಗುರಿ ಮಾತ್ರ ಬಿಡಲಿಲ್ಲವಲ್ಲ ಎಂದು ಮೊದಲು ನಗು ಬಂತು. ಆಮೇಲೆ ಅನುಮಾನ ಬಂತು.

ಏಕೆಂದರೆ ನೀವು ಬರೆಯುತ್ತಿದ್ದುದು ಅಂಗಡಿಯೊಳಗೆ ಅದೇ ದಿನ ನಡೆದದ್ದನ್ನು. ನಾನು ಲೈಬ್ರರಿಯ ಹಳೆಯ ನಿಘಂಟಿಗೆ ಹೊಸ ಬೆನ್ನು ಹಾಕಿದ ದಿನವೇ, 'ಇಂದು ನಮ್ಮವಳು ನಿಘಂಟನ್ನು ಎದ್ದು ನಿಲ್ಲಿಸಿದಳು' ಎಂದು ಬಂತು. ಯಾರೋ ನನ್ನನ್ನು ಕದ್ದು ನೋಡುತ್ತಿದ್ದಾರೆ ಎನಿಸಿತು. ಬಾಗಿಲಿನ ಬೀಗ ಬದಲಾಯಿಸಿದೆ, ಬ್ಲಾಗಿನ ಪಾಸ್‌ವರ್ಡ್ ಬದಲಾಯಿಸಿದೆ. ಬರಹ ನಿಲ್ಲಲಿಲ್ಲ. ಎದುರುಮನೆಯ ಕಿಟಕಿಯನ್ನೂ ನಂಬದೆ ಪರದೆ ಎಳೆದುಕೊಂಡು ಕೆಲಸ ಮಾಡಿದೆ.

ಕೊನೆಗೆ ಕಣ್ಣು ಬಿದ್ದದ್ದು ಹೊಲಿಗೆಯಕ್ಕನ ಮೇಲೆ. ಹದಿನಾಲ್ಕು ವರ್ಷದಿಂದ ನಮ್ಮ ಪುಟಗಳನ್ನು ಹೊಲಿಯುತ್ತಾ ಬಂದವಳು. ಅವಳೇ ನಿಮಗೆ ಸುದ್ದಿ ಮುಟ್ಟಿಸುತ್ತಿದ್ದಾಳೆ ಎಂದುಕೊಂಡೆ. ಕೇಳಿದ್ದಕ್ಕೆ, ಅಣ್ಣ ನಂಗೆ ಒಂದ್ಸಲಾನೂ ಫೋನ್ ಮಾಡಿಲ್ಲ ಕಣಮ್ಮ ಎಂದು ಅತ್ತಳು. ಅದನ್ನೂ ನಾಟಕವೆಂದುಕೊಂಡು, ನಾಳೆಯಿಂದ ಬರಬೇಡ ಎಂದುಬಿಟ್ಟೆ.

ನಿನ್ನೆ ನೀವು ಸಿಕ್ಕಿಬಿದ್ದಿರಿ. 'ಇಂದು ಹಲ್ಲಿನ ಡಾಕ್ಟರು ತಮ್ಮ ತಂದೆಯ ದಿನಚರಿಗಳನ್ನು ಒಯ್ದರು. ಹೊಸ ಚರ್ಮದ ಹೊದಿಕೆಯನ್ನು ಸವರಿ ಸವರಿ ಕಣ್ಣೊರೆಸಿಕೊಂಡರು' ಎಂದು ಬಂತು. ರೀ, ಆ ಡಾಕ್ಟರು ಫೆಬ್ರವರಿಯಲ್ಲೇ ಆರ್ಡರ್ ರದ್ದು ಮಾಡಿ, ದಿನಚರಿಗಳನ್ನು ಇದ್ದ ಹಾಗೇ ವಾಪಸ್ ಒಯ್ದಿದ್ದರು! ಆರ್ಡರ್ ಪುಸ್ತಕ ತೆರೆದೆ. ಡಾಕ್ಟರ ಸಾಲಿನಲ್ಲಿ, ಕೊಡಬೇಕಾದ ದಿನ ಮಾರ್ಚ್ ಹನ್ನೊಂದು. ನಿಘಂಟಿನದೂ ಹಾಗೆಯೇ, ನೀವು ಬರೆದ ಒಂದೊಂದೂ ಪುಸ್ತಕದಲ್ಲಿ ಮೊದಲೇ ಗೊತ್ತಾಗಿದ್ದ ದಿನದ್ದೇ. ನಾನು ಹೇಳಿದ ದಿನಕ್ಕೆ ಕೆಲಸ ಮುಗಿಸಿಯೇ ಕೊಡುವವಳು ಎಂದು ನಿಮಗೆ ಗೊತ್ತು. ಆ ಧೈರ್ಯದ ಮೇಲೆ ಬರೆದಿದ್ದೀರಿ.

ಬ್ಲಾಗನ್ನು ಜಾಲಾಡಿದಾಗ, ದಿನ ಗಂಟೆ ಗೊತ್ತುಮಾಡಿ, ತಾವಾಗಿ ಹೊರಬೀಳುವಂತೆ ಇಟ್ಟ ಬರಹಗಳ ಪಟ್ಟಿ ಸಿಕ್ಕಿತು. ಹೊರಬಂದವೂ ಬರಬೇಕಾದವೂ ಸೇರಿ ಒಟ್ಟು ಇಪ್ಪತ್ತೆರಡು. ಎಲ್ಲವೂ ಜನವರಿ ಮೂರರಿಂದ ಒಂಬತ್ತರೊಳಗೆ ಬರೆದವು. ನೀವು ಹೊರಟದ್ದು ಹತ್ತನೇ ತಾರೀಖು.

ಅಂದು ನೀವು ಕಾಯಲಿಟ್ಟ ಅಂಟು ಉಕ್ಕಿ ಒಲೆಯೆಲ್ಲ ಹಾಳಾಗಿದ್ದಕ್ಕೆ ನಾನು ಬಾಯಿಗೆ ಬಂದಂತೆ ಅಂದೆ. ಊರಲ್ಲಿ ನಮ್ಮಕ್ಕನ ಮನೆಯಲ್ಲಿ ನಾಲ್ಕು ದಿನ ಇದ್ದು ಬರುತ್ತೇನೆ ಎಂದು ನೀವು ಚೀಲ ಹಿಡಿದಿರಿ. ಎರಡು ತಿಂಗಳು ನನ್ನ ನಾಲಿಗೆಯನ್ನೇ ಶಪಿಸಿಕೊಂಡೆ. ಈಗ ನೋಡಿದರೆ, ಅದಕ್ಕೂ ಮೊದಲಿನ ಒಂದು ವಾರ ನನ್ನೆದುರಿಗೇ ಕೂತು ನೀವು ಇಲ್ಲದ ದಿನಗಳನ್ನು ಬರೆಯುತ್ತಿದ್ದಿರಿ. ನಾನು ಟೀ ತಂದಿಟ್ಟರೆ ಲ್ಯಾಪ್‌ಟಾಪ್ ಮುಚ್ಚಿ, ಈ ಸಲ ಗುರಿ ತಪ್ಪಬಾರದು ಕಣೇ ಎನ್ನುತ್ತಿದ್ದಿರಿ. ಎಂಥ ಶಿಸ್ತು ಎಂದು ನಾನು ಹಿಗ್ಗಿದೆ. ಹೋಗುವುದು ಆಗಲೇ ತೀರ್ಮಾನವಾಗಿತ್ತು, ಜಗಳ ಬರೀ ನೆಪ. ನನಗೆ ಸಿಟ್ಟಿಗಿಂತ ಅವಮಾನವೇ ಹೆಚ್ಚಾಗಿದೆ.

ಯಾಕೆ ಹೋದಿರಿ? ಈ ಬರಹಗಳು ಅಂಗಡಿ ನಡೆಯಲಿ ಎಂಬ ಕಾಳಜಿಯೋ, ನಾನು ಹುಡುಕಿಕೊಂಡು ಬರದಿರಲಿ ಎಂಬ ಜಾಣತನವೋ? ನಿಮ್ಮಕ್ಕನ ವಿಳಾಸಕ್ಕೇ ಈ ಕಾಗದ ಹಾಕುತ್ತಿದ್ದೇನೆ. ನೀವು ನಿಜಕ್ಕೂ ಅಲ್ಲಿದ್ದೀರೋ ಇಲ್ಲವೋ, ಅದರ ಮೇಲೂ ಅನುಮಾನವಿದೆ.

ಹತ್ತರಲ್ಲಿ ಒಂಬತ್ತು ಹೊಸ ಗಿರಾಕಿಗಳು ಬಂದಾಯಿತು, ನಿಮ್ಮ ಸುಳ್ಳುಗಳನ್ನು ಓದಿಕೊಂಡು. ಉಳಿದ ಬರಹಗಳನ್ನು ಅಳಿಸಿದ್ದೇನೆ. ಶುಕ್ರವಾರದಿಂದ ನಾನೇ ಬರೆಯುತ್ತೇನೆ, ನಡೆದದ್ದನ್ನು ನಡೆದ ಮೇಲೆ. ಇವತ್ತು ಹೊಲಿಗೆಯಕ್ಕನ ಮನೆಗೆ ಹೋಗಿ ತಪ್ಪಾಯಿತು ಎಂದೆ. ಬಾಗಿಲು ತೆರೆದಳು, ಒಳಗೆ ಕರೆಯಲಿಲ್ಲ.

ಇತಿ,
ಅಂಗಡಿಯಲ್ಲೇ ಇರುವವಳು

ತಾ.ಕ.: ಅಳಿಸಿದ್ದು ನಾಲ್ಕನ್ನು ಮಾತ್ರ. ಮಾರ್ಚ್ ೨೮ರ ಕೊನೆಯದು ಹಾಗೇ ಇದೆ. 'ಇಂದು ಊರಿನಿಂದ ಮರಳಿದೆ. ಇಬ್ಬರೂ ಕೂತು ಶಾಲೆಯ ಹಾಜರಿ ಪುಸ್ತಕಗಳಿಗೆ ರಟ್ಟು ಕಟ್ಟಿದೆವು' ಎಂದು ಬರೆದಿದ್ದೀರಿ. ಡಾಕ್ಟರ ಕಣ್ಣೀರನ್ನೂ ಇಷ್ಟೇ ಚೆನ್ನಾಗಿ ಬರೆದಿದ್ದಿರಿ, ಹಾಗಾಗಿ ನಂಬುವುದಿಲ್ಲ. ಅದು ಅಂದು ಬೆಳಗ್ಗೆ ಹತ್ತು ಗಂಟೆಗೆ ಹೊರಬೀಳುತ್ತದೆ. ಸುಳ್ಳಾಗುವುದಿದ್ದರೆ ಅಷ್ಟರೊಳಗೆ ನೀವೇ ಹೇಳಿ, ಅಳಿಸಲು ನನಗೆ ಕೈ ಬರುತ್ತಿಲ್ಲ.