ಚೌಕಾಬಾರದ ಮೇಜಿಗೆ ಬಹಿಷ್ಕಾರ

ಮದ್ದೂರು
೧೨-೧೧-೨೦೨೪, ಮಂಗಳವಾರ

ಮಗಾ ದೀಪಿಕ,

ಮೈ ಹೆಂಗದೆ? ಚನ್ನಪಟ್ಟಣದ ನೀರು ಒಗ್ಗಿತಾ? ಆ ಮರ ತಿರುಗಿಸೋ ಮಿಷನ್ನಿನ ಮುಂದೆ ಜಡೆ ಇಳಿಬಿಟ್ಕಂಡು ಕೂರಬೇಡ, ಎತ್ತಿ ಗಂಟು ಹಾಕು. ವೇಲಂತೂ ಹಾಕ್ಕಂಡು ಹೋಗಲೇಬೇಡ. ಅರಗಿನ ಹೊಗೆ ಎದೇಲಿ ಕೂತ್ಕತದೆ ಅಂತಾರೆ, ಸಂಜೆ ಒಂದು ಚೂರು ಬೆಲ್ಲ ಬಾಯಿಗೆ ಹಾಕ್ಕೊ. ನಿನ್ನ ಅಂಗಡಿಗೆ ಆಟದ ಕಾಯಿ ಮಾಡಬೇಕು ಅಂತ ಬೊಂಬೆ ಕೆಲಸ ಕಲಿಯಕ್ಕೆ ಮೂರು ತಿಂಗಳು ಅಂತ ಹೋದೆ, ಇವತ್ತಿಗೆ ಐವತ್ತೆರಡು ದಿನ. ಹತ್ತು ಬೆರಳೂ ನೆಟ್ಟಗವೆ ಅಂತ ಒಂದು ಸಾಲು ಬರೆದು ಹಾಕು. ನನಗೆ ಮಂಡಿನೋವು ಬಿಟ್ರೆ ಏನೂ ಇಲ್ಲ. ನಿಮ್ಮಪ್ಪ ಶಿವರಾಜು ಲೈನಿನ ಕೆಲಸದ ಮೇಲೆ ಚಾಮರಾಜನಗರದ ಕಡೆ ಹೋದೋನು ಶನಿವಾರ ಸಂಜೆ ಬತ್ತಾನೆ. ಅಲ್ಲಿ ಕಂಬ ಹತ್ತಿದಾಗ ಕರೆಂಟು ತೆಗೆದಿರ್ತಾರೋ ಇಲ್ಲವೋ ಅನ್ನೋ ಯೋಚನೆ ಬೇರೆ. ಫೋನು ಇರುವಾಗ ಕಾಗದ ಯಾಕಜ್ಜಿ ಅಂತೀಯ. ಫೋನಲ್ಲಿ ಎರಡು ಮಾತು ಆಡೋದ್ರೊಳಗೆ "ಅಜ್ಜಿ, ಗಾಬರಿ ಬೀಳಬೇಡ, ಆಮೇಲೆ ಮಾಡ್ತೀನಿ" ಅಂತ ಇಟ್ಟುಬುಡ್ತೀಯ. ಕಾಗದಕ್ಕೆ ಮಧ್ಯದಲ್ಲಿ ಬಾಯಿ ಹಾಕಕ್ಕಾಗಲ್ಲ. ನನ್ನನ್ನ ಐದನೇ ಕ್ಲಾಸಿಗೆ ಬಿಡಿಸಿ ಎಮ್ಮೆ ಹಿಂದೆ ಕಳಿಸಿದ್ರು, ತಪ್ಪಿದ್ರೆ ಹೊಂದಿಸ್ಕಂಡು ಓದು.

ನೀನು ಬರೋಗಂಟ ಅಂಗಡಿ ಬಾಗಿಲು ತೆಗೆದು ಮೇಜು ಒರೆಸಿ ಕುಂತಿದ್ರೆ ಸಾಕು ಅಂದಿದ್ದೆ ನೀನು. ಕುಂತೇ ಇದ್ದೆ ಕಣವ್ವ. ಕೂತು ಆಡೋ ಆಟದಂಗಡಿ ಅಂದ್ರೆ ಇಸ್ಪೀಟು ಕ್ಲಬ್ಬು ಅನ್ಕಂಡು ಈಗಲೂ ಯಾರಾದ್ರೂ ಮೆಟ್ಟಿಲು ಹತ್ತಿ ಬಂದು, ಅಳಗುಳಿಮಣೆ ನೋಡಿ ಮುಖ ಸಪ್ಪಗೆ ಮಾಡ್ಕಂಡು ಇಳೀತಾರೆ. ಮಂಡ್ಯದ ಕಾಲೇಜು ಹುಡುಗರು ಬಂದು ಆ ಊರು ಕಟ್ಟೋ ಆಟದ ಡಬ್ಬಿ ಬಿಚ್ಚಿ ನಾಲ್ಕು ಗಂಟೆ ಒಬ್ಬರಿಗೊಬ್ಬರು ಚೀಟೀಲಿರೋ ಕುರಿ ಮಾರ್ತವೆ. ಒಂದು ದಿನ ಅದರಲ್ಲಿ ಒಂದು ಕೆಂಪು ಮನೆ ಕಮ್ಮಿ ಬಂತು. ಮೊಮ್ಮಗಳ ಅಂಗಡಿ ಮುಳುಗಿಸಿದೆ ಅಂತ ಮೂರು ದಿನ ಅನ್ನ ಸೇರಲಿಲ್ಲ. ಕಡೆಗೆ ನನ್ನ ಸೆರಗಿನ ಗಂಟಲ್ಲೇ ಇತ್ತು.

ಈಗ ವಿಷಯಕ್ಕೆ ಬತ್ತೀನಿ. ಕೊಕ್ಕರೆ ಬೆಳ್ಳೂರಿಂದ ಸೊಪ್ಪು ತಂದು ನಮ್ಮ ಮೆಟ್ಟಿಲ ಕೆಳಗೆ ಮಾರ್ತಾಳಲ್ಲ ಚಿಕ್ಕಲಕ್ಷ್ಮಮ್ಮ, ಅವಳ ಸೊಪ್ಪು ಹನ್ನೊಂದಕ್ಕೆಲ್ಲ ಖಾಲಿ, ಬಸ್ಸು ಎರಡು ಗಂಟೆಗೆ. ಬಿಸಿಲಲ್ಲಿ ಯಾಕೆ ಒಣಗ್ತೀಯ, ಮೇಲೆ ಬಾ ಅಂದೆ. ಬಂದಳು, ಚೌಕಾಬಾರದ ಮೇಜಿಗೆ ಒಂದು ಕೈ ಕಮ್ಮಿ ಇತ್ತು, ಕುಂತಳು. ಎದುರಿಗೆ ನಮ್ಮ ಕಟ್ಟಡದ ಓನರ್ ಜಯಪ್ರಕಾಶ. ಇವಳ ಆಟ ನೀನು ನೋಡಬೇಕು ಮಗಾ. ಕೆರೇಲಿ ಕೊಕ್ಕರೆ ನಿಂತಂಗೆ ಸುಮ್ಮನೆ ಇರ್ತಾಳೆ, ಅವನ ಕಾಯಿ ಇನ್ನೇನು ಒಳಸುತ್ತಿಗೆ ತಿರುಗಬೇಕು ಅನ್ನೋವಾಗ ಬೇಕಾದ ಗರವೇ ಬೀಳಿಸಿ ಕಡಿದುಬುಡ್ತಾಳೆ. ಒಂದೇ ಆಟದಲ್ಲಿ ಮೂರು ಸಲ. ಮೂರನೇ ಸಲಕ್ಕೆ "ಅಣ್ಣೋ, ಮನೆ ದಾರಿ ಚೆನ್ನಾಗಿ ರೂಢಿಯಾಯ್ತಲ್ಲ ನಿಮ್ಮ ಕಾಯಿಗೆ" ಅಂದಳು. ಮೇಜಿನೋರೆಲ್ಲ ನಕ್ಕರು. ಅವನು ನಗಲಿಲ್ಲ.

ಮಾರನೇ ದಿನ ಬಂದು "ಅಂಕಮ್ಮತ್ತೆ, ಅವರೂರ ರೂಲ್ಸು ಬೇರೆ, ನಮ್ಮ ರೂಲ್ಸು ಬೇರೆ. ಒಂದು ಕಾಯಾದ್ರೂ ಕಡೀದೆ ಒಳಕ್ಕೆ ಹೋಗಂಗಿಲ್ಲ ಅನ್ನೋದು ನಮ್ಮಲ್ಲಿ" ಅಂದ. ಅವಳು ಕಡಿದೇ ಹೋದಳಲ್ಲಪ್ಪ, ನಿನ್ನನ್ನೇ ಕಡಿದಳಲ್ಲ ಅಂದೆ. ಆಗ ದನಿ ಇಳಿಸಿ "ಯಾವ ಕೇರಿಯೋಳು ಅಂತ ನಿಮಗೆ ಗೊತ್ತಿಲ್ವಾ? ಟೀ ಲೋಟ ಎಲ್ಲಾರ್ದೂ ಒಂದೇ ಆಯ್ತಲ್ಲ" ಅಂದ.

ಇಲ್ಲಿ ನಾನು ಮಾಡಿದ ಕೆಲಸ ಬರೀಲೇಬೇಕು. ನನಗೆ ಭಯ ಆಯ್ತು ಕಣಮ್ಮ. ಕಟ್ಟಡ ಅವನದು, ದಿನಾ ಹತ್ತು ಜನರನ್ನ ಕರ್ಕಂಡು ಬರೋನು ಅವನು, ನಿಮ್ಮಪ್ಪನ ಜೊತೆ ಒಂದೇ ಬೆಂಚಲ್ಲಿ ಓದಿದೋನು. ನೀನು ಬರೋದ್ರೊಳಗೆ ಅಂಗಡಿ ಹಾಳಾದ್ರೆ ಏನು ಮುಖ ತೋರಿಸ್ಲಿ ಅಂತ, ಹೋಗಿ ಪೇಪರ್ ಲೋಟ ತಂದೆ. ಎಲ್ಲರಿಗೂ ಗಾಜಿನ ಲೋಟ, ಚಿಕ್ಕಲಕ್ಷ್ಮಮ್ಮಂಗೆ ಮಾತ್ರ ಪೇಪರ್ ಲೋಟ. ನಮ್ಮವ್ವ ಹಿತ್ತಲ ಸೂರಿಗೆ ಒಂದು ಲೋಟ ಸಿಕ್ಕಿಸಿ ಇಡೋಳು, ಕೂಲಿಗೆ ಬರೋರಿಗೆ ಅಂತ. ಆ ಬುದ್ಧಿ ನನ್ನ ಕೈಯಲ್ಲೇ ಇತ್ತು ನೋಡು, ಕೇಳದೇನೇ ಬಂತು. ಅವಳು ಟೀ ಕುಡಿದಳು, ಲೋಟ ಮಡಿಸಿ ಸೊಪ್ಪಿನ ಬುಟ್ಟಿಗೆ ಹಾಕ್ಕಂಡಳು. ಆಮೇಲೆ "ಅಕ್ಕಾ, ನಾನು ಎಸೆದ ಕವಡೇನೆ ಅಲ್ವಾ ಜಯಪ್ರಕಾಸಣ್ಣ ಎತ್ತಿ ಎಸೆಯೋದು? ಅದನ್ನೂ ಪೇಪರಲ್ಲಿ ಸುತ್ತಿ ಕೊಡ್ತೀಯಾ? ಬಸ್ಸಿಗೊತ್ತಾಯ್ತು, ಓಯ್ತೀನಿ" ಅಂದಳು. ಬೈದಿದ್ರೆ ತಿರುಗಿ ಬೈಬಹುದಿತ್ತು. ಬೈಲಿಲ್ಲ.

ಅವಳು ಎರಡು ದಿನ ಮೇಲೆ ಬರಲಿಲ್ಲ. ಮೂರನೇ ದಿನ ನಾನೇ ಮಂಡಿ ಹಿಡ್ಕಂಡು ಮೆಟ್ಟಿಲಿಳಿದು, ಎಲ್ಲರೆದುರಿಗೆ ಅವಳ ಪಕ್ಕ ಕುಂತು, ಗಾಜಿನ ಲೋಟದಲ್ಲಿ ಅವಳಿಗೊಂದು ನನಗೊಂದು ಟೀ ತರಿಸಿ ಕುಡಿದೆ. ತಪ್ಪಾಯ್ತು ಕಣವ್ವ ಅಂದೆ. "ಟೀಗೆ ಸಕ್ಕರೆ ಕಮ್ಮಿ" ಅಂದಳು, ಅಷ್ಟೆ. ಮೇಲೆ ಬಂದು ಜಯಪ್ರಕಾಶಂಗೆ ಹೇಳಿದೆ, ಇಲ್ಲಿ ಎಲ್ಲರಿಗೂ ಒಂದೇ ಲೋಟ, ಬೇಡಾದ್ರೆ ಮನೆಯಿಂದ ಚೊಂಬು ತಗಂಬಾ ಅಂತ.

ಅವತ್ತೇ ಹನ್ನೊಂದು ಜನ ಬಹಿಷ್ಕಾರ ಹಾಕಿದ್ರು. ವಾಟ್ಸಾಪಲ್ಲಿ "ನಮ್ಮ ಸ್ವಾಭಿಮಾನ, ನಮ್ಮ ಚೌಕಾಬಾರ" ಅಂತ ಬರೆದು, ಕೆಳಗೆ ಕೈ ಮುಗಿದಿರೋ ಚಿತ್ರ. ಹಾಕಿದೋರು ದೂರನಾದ್ರೂ ಹೋಗಬಾರದಾ, ನಮ್ಮೆದುರು ಟೀ ಅಂಗಡಿ ಕಟ್ಟೆ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರ್ಕಂಡು, ನನಗೆ ಕೇಳಲಿ ಅಂತ ಗಂಟಲು ಹರ್ಕಂಡು ಆಡಕ್ಕೆ ಕುಂತರು. ಕುಂತ ಮೇಲೆ ಗೊತ್ತಾಯ್ತು ಯಾರ ಹತ್ರಾನೂ ಕವಡೆ ಇಲ್ಲ. ಹೊತ್ತಾದ ಮೇಲೆ ಅವರ ಪೈಕಿ ಪ್ರಸನ್ನ ತಲೆ ಕೆರ್ಕಂಡು ಮೇಲೆ ಬಂದ. "ಅಜ್ಜಿ, ಬಹಿಷ್ಕಾರ ಬಹಿಷ್ಕಾರಾನೇ, ಅದು ಬಿಡಿ. ನಾಲ್ಕು ಕವಡೆ ಇದ್ರೆ ಕೊಡಿ, ಸಂಜೆ ತಂದ್ಕೊಡ್ತೀನಿ." ಕೊಡೋದಿಲ್ಲ ಅನ್ನಬಾರದು ಅಂತ ಮುಚ್ಚಿದ ಮುಷ್ಟೀಲಿ ಮೂರು ಕೊಟ್ಟೆ. ದಾರೀಲಿ ಒಂದು ಬೀಳಿಸ್ಕಂಡ ಅಂತ ಹನ್ನೊಂದು ಜನಾನೂ ಚರಂಡಿ ಹತ್ರ ಬಗ್ಗಿ ಹುಡುಕ್ತಾ ಇದ್ರು. ನಾನು ಕಿಟಕೀಲಿ ನಿಂತು ನೋಡಿದೆ. ಪಾಪ ಅನ್ನಿಸ್ಲಿಲ್ಲ.

ಈ ಭಾನುವಾರಕ್ಕೆ ಅಂತ ನೀನು ಇಟ್ಟಿರೋ ಪಂದ್ಯದಿಂದಲೂ ಅವರೆಲ್ಲ ಹೆಸರು ತೆಗೆಸಿದ್ರು. ಉಳಿದೋರು ಮಳವಳ್ಳಿ ಸಂಘದ ಆರು ಹೆಣ್ಣುಮಕ್ಕಳು, ಮಂಡ್ಯದ ನಾಲ್ಕು ಹುಡುಗರು, ಚಿಕ್ಕಲಕ್ಷ್ಮಮ್ಮ. ಒಬ್ಬರು ಕಮ್ಮಿ ಬಿದ್ರು ಅಂತ ನನ್ನ ಹೆಸರೂ ಬರೆದೆ, ಈಗ ನಾಲ್ಕು ನಾಲ್ಕು ಜನರ ಮೂರು ಮೇಜು. ನಿನ್ನೆ ಜಯಪ್ರಕಾಶ ಬಂದು "ಅತ್ತೆ, ಅದೊಂದು ಹೆಸರು ಹೊಡೆದಾಕಿ, ಎಲ್ಲರೂ ವಾಪಸ್ ಬತ್ತೀವಿ, ನಿಮ್ಮ ಮೊಮ್ಮಗಳಿಗೇ ಒಳ್ಳೇದು" ಅಂದ. ಕೈಗೆ ಪೆನ್ನು ಬೇರೆ ಕೊಟ್ಟ. ಆ ಪೆನ್ನು ತಗಂಡು ಅವಳ ಹೆಸರು ಅಳಿಸಿಹೋಗೋ ಹಂಗಿತ್ತು ಅಂತ ಮೇಲಿಂದ ಇನ್ನೊಂದು ಸಲ ದಪ್ಪಗೆ ತಿದ್ದಿ, ಪೆನ್ನು ವಾಪಸ್ ಕೊಟ್ಟೆ. ಒತ್ತಕ್ಷರ ಸ್ವಲ್ಪ ವಕ್ರ ಬಂದದೆ. ಓದಕ್ಕೇನೂ ತೊಂದರೆಯಿಲ್ಲ. ಅವನು ಇನ್ನೂ ಏನೋ ಅಂದ, ಇರಲಿ.

ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಮಾಡೋ ಕಾಯಿ ಗುಂಡಗೆ ಬರಲಿ, ನಿನ್ನ ಬೆರಳು ಉದ್ದಕ್ಕೇ ಇರಲಿ, ಮನೆದೇವರು ಕಾಯಲಿ.

ಇಂತಿ ನಿಮ್ಮಜ್ಜಿ,
ಅಂಕಮ್ಮ

ಮರೆತಿದ್ದೆ: ಬಂದಾಗ ಅಂಗಡಿ ಕಡೆ ಹೋಗಬೇಡ, ಅಲ್ಲಿ ಬೀಗ ಅದೆ. ನಿನ್ನೆ ಪೆನ್ನು ಇಸ್ಕಂಡ ಮೇಲೆ, ಹಂಗಾದ್ರೆ ತಿಂಗಳ ಕೊನೆಗೆ ಖಾಲಿ ಮಾಡಿ ಅಂದ ಜಯಪ್ರಕಾಶ. ಅಲ್ಲೀಗಂಟ ಯಾಕೆ, ನಾಳೆಗೇ ತಗೋ ಅಂತ ನಿನ್ನನ್ನ ಒಂದು ಮಾತು ಕೇಳದೆ ಹೇಳಿ, ಇವತ್ತು ಕೀಲಿಕೈ ಕೊಟ್ಟೆ. ಪಂದ್ಯ ನಮ್ಮ ನಡುಮನೇಲಿ. ಡಬ್ಬಿಗಳೆಲ್ಲ ಎಣಿಸಿ ತಂದಿದೀನಿ. ಮಧ್ಯಾಹ್ನ ಮೇಜು ಇಳಿಸುವಾಗ ಚಿಕ್ಕಲಕ್ಷ್ಮಮ್ಮ ನಮ್ಮ ಹೊಸ್ತಿಲ ಆಚೆ ನಿಂತು "ಒಳೀಕೆ ಬರ್ಲಾ ಅಕ್ಕಾ" ಅಂದಳು. ಬಂದು ಆ ತುದಿ ಹಿಡಿಯವ್ವ, ಭಾರ ಅದೆ ಅಂದೆ. ನಿಮ್ಮಪ್ಪನ ಮಂಚ ಹಿತ್ತಲಿಗೆ ಹಾಕಿದೀವಿ. ಅವನಿಗೆ ಇದ್ಯಾವುದೂ ಗೊತ್ತಿಲ್ಲ. ನೀನು ಶನಿವಾರ ಮಧ್ಯಾಹ್ನದ ಬಸ್ಸಿಗೇ ಬಂದುಬುಡು, ಅವನು ಬಾಗಿಲು ತೆಗೆದಾಗ ಚಿಕ್ಕಲಕ್ಷ್ಮಮ್ಮನೂ ಸೇರಿ ನಾವು ಮೂರು ಜನ ಇರಬೇಕು.